ಮರಳ ಮೇಲಿನ ಕುರ್ಸುರಾ, ಮಣಿಕಟ್ಟಿನ ಗಡಿಯಾರ

ವಿಶಾಖಪಟ್ಟಣದ ರಾಮಕೃಷ್ಣ ಕಡಲತೀರದಲ್ಲಿ, ರಸ್ತೆಗೂ ಅಲೆಗಳಿಗೂ ನಡುವಣ ಮರಳ ಮೇಲೆ ಒಂದು ಜಲಾಂತರ್ಗಾಮಿ ನಿಂತಿದೆ. ಹೆಸರು ಐಎನ್‌ಎಸ್ ಕುರ್ಸುರಾ. ಉದ್ದ 91 ಮೀಟರಿಗಿಂತ ತುಸು ಹೆಚ್ಚು, ಅಗಲ ಏಳೂವರೆ ಮೀಟರ್. ಸೋವಿಯತ್ ಒಕ್ಕೂಟದಲ್ಲಿ ನಿರ್ಮಾಣಗೊಂಡು 1969ರ ಡಿಸೆಂಬರ್ 18ರಂದು ಭಾರತದ ನೌಕಾಪಡೆಯನ್ನು ಸೇರಿದ ಈ ನೌಕೆ 2001ರ ಫೆಬ್ರವರಿ 27ರಂದು ನಿವೃತ್ತಿ ಹೊಂದಿತು. ಮರುವರ್ಷ ಅದನ್ನು ದಡಕ್ಕೆ ಎಳೆದು ತಂದು ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಕಡಲಿಗೆ ಬಂದ ಜನ ಮುರಿ ಮಿಕ್ಸ್ಚರಿನ ಪೊಟ್ಟಣ ಮುಗಿಸಿ, ಚೀಟಿ ಕೊಂಡು, ಸಾಲಿನಲ್ಲಿ ನಿಂತು ಒಳಗೆ ಇಳಿಯುತ್ತಾರೆ. ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಬರುವುದಕ್ಕೆ ಬಹುಮಂದಿಗೆ ಅರ್ಧ ಗಂಟೆಯೂ ಬೇಕಾಗುವುದಿಲ್ಲ.

ನಾನು ಅಲ್ಲಿ ಒಂದು ಮಧ್ಯಾಹ್ನವನ್ನೇ ಕಳೆದೆ. ಹಿಂದೂಪುರದಲ್ಲಿ ರೈಲು ಹತ್ತಿ ಇಷ್ಟು ದೂರ ಬಂದದ್ದು ವಿಹಾರಕ್ಕಲ್ಲ. ಒಂದು ವಾರಸು ಪ್ರಕರಣದ ಕಾಗದಪತ್ರಗಳಿಗಾಗಿ. ಮಡಕಶಿರಾ ತಾಲ್ಲೂಕಿನ ಹಳ್ಳಿಯೊಂದರಿಂದ ಹದಿನೆಂಟನೆಯ ವಯಸ್ಸಿಗೆ ನೌಕಾಪಡೆ ಸೇರಿ, ಜಲಾಂತರ್ಗಾಮಿಗಳಲ್ಲೇ ಸೇವೆ ಮುಗಿಸಿ, ವಿಶಾಖಪಟ್ಟಣದಲ್ಲಿ ನೆಲೆನಿಂತು ತೀರಿಕೊಂಡ ಹಿರಿಯರೊಬ್ಬರ ಆಸ್ತಿಯ ವಿಷಯ. ವಾರಸುದಾರರು ಇಬ್ಬರು, ಮಗ ಮತ್ತು ಮಗಳು. ಮನೆ, ಬ್ಯಾಂಕಿನ ಠೇವಣಿ, ಊರಿನ ಎರಡು ಎಕರೆ ಖುಷ್ಕಿ ಜಮೀನು ಇವುಗಳ ವಿಷಯದಲ್ಲಿ ಅಣ್ಣತಂಗಿಯರ ನಡುವೆ ಒಂದು ಮಾತೂ ಹೆಚ್ಚುಕಡಿಮೆಯಾಗಲಿಲ್ಲ. ತೊಡಕಾದದ್ದು ಚರಸ್ವತ್ತಿನ ಪಟ್ಟಿಯ ಒಂಬತ್ತನೆಯ ಬಾಬಿನಲ್ಲಿ. ಅಲ್ಲಿ ನನ್ನ ಗುಮಾಸ್ತರು ಹೀಗೆ ಬರೆದಿದ್ದರು: ಹಳೆಯ ಕೈಗಡಿಯಾರ ಒಂದು, ಅಂದಾಜು ಬೆಲೆ ಐದುನೂರು ರೂಪಾಯಿ. ಆ ಮನೆಯವರ ಒಪ್ಪಿಗೆ ಪಡೆದೇ, ಗುರುತು ಹತ್ತದ ಹಾಗೆ, ಇಷ್ಟನ್ನು ಇಲ್ಲಿ ಹೇಳುತ್ತಿದ್ದೇನೆ.

ಅದು ಸೋವಿಯತ್ ದೇಶದ ವೊಸ್ತೋಕ್ ಕಾರ್ಖಾನೆಯ ‘ಅಂಫಿಬಿಯಾ’ ಎಂಬ ಗಡಿಯಾರ, ನೀರಿನಾಳಕ್ಕೆ ಇಳಿಯುವವರಿಗಾಗಿ ಮಾಡಿದ್ದು. ನೀರಿನೊಳಗೆ ಮೂವತ್ತು ವರ್ಷ ದುಡಿದ ತಂದೆ ಅದನ್ನು ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲವೆಂದು ಮಗಳು ಹೇಳಿದರು. ಅದು ನಿಂತುಹೋಗುವ ಸ್ಥಿತಿಗೆ ಬಂದಿದೆ, ಮುಖಫಲಕ ಬದಲಿಸಿ ಹೊಸದರಂತೆ ಮಾಡಿಸಬೇಕೆಂದು ಮಗ ಹೇಳಿದರು. ಒಂದು ತಿರುಪನ್ನೂ ಮುಟ್ಟಕೂಡದೆಂಬುದು ಮಗಳ ಹಟ. ಇಬ್ಬರೂ ನನ್ನ ಮುಂದೆ ದನಿಯೇರಿಸಿದ್ದು ಅದೊಂದೇ ಸಂಗತಿಗೆ. ಅವರ ತಂದೆಯೊಡನೆ ಕೆಲಸ ಮಾಡಿದ ರಾಯದುರ್ಗದ ಕಡೆಯ ಇನ್ನೊಬ್ಬ ನಿವೃತ್ತ ನಾವಿಕರು ಅದೇ ಊರಿನಲ್ಲಿ ಇದ್ದಾರೆಂದು ತಿಳಿದು ಅವರನ್ನು ಕಾಣಬೇಕೆನಿಸಿತು. ನೌಕೆಯೊಳಗೆ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದವರು ಅವರಿಬ್ಬರೇ ಅಂತೆ. ಅವರೇ ನನ್ನನ್ನು ಕುರ್ಸುರಾಗೆ ಕರೆದೊಯ್ದರು.

“ಗಡಿಯಾರದ ಕಥೆ ಕೇಳಬೇಕಂದ್ರೆ ಮೊದ್ಲು ಅದು ಇದ್ದ ಮನೆ ನೋಡ್ರಿ ವಕೀಲ್ರೆ,” ಎಂದರು.

ಒಳಗೆ ಏಳು ವಿಭಾಗಗಳು. ಒಂದರಿಂದ ಇನ್ನೊಂದಕ್ಕೆ ಹೋಗಲು ಗೋಡೆಯಲ್ಲಿ ಕೊರೆದ ದುಂಡನೆಯ ಬಾಗಿಲು. ಮೊದಲು ಕಾಲು, ಆಮೇಲೆ ತಲೆ. ಮುಂಭಾಗದಲ್ಲಿ ಆರು, ಹಿಂಭಾಗದಲ್ಲಿ ನಾಲ್ಕು ಟಾರ್ಪಿಡೊ ಕೊಳವೆಗಳು. ಒಟ್ಟು 22 ಟಾರ್ಪಿಡೊಗಳನ್ನು ಒಯ್ಯುವ ಸಾಮರ್ಥ್ಯ. ನಡುವೆ ಬ್ಯಾಟರಿಗಳು, ಡೀಸೆಲ್ ಎಂಜಿನ್ನುಗಳು, ವಿದ್ಯುತ್ ಮೋಟಾರುಗಳು, ಎಣಿಸಲಾಗದಷ್ಟು ಕವಾಟಗಳು ಮತ್ತು ಕೊಳವೆಗಳು. ಇಷ್ಟೆಲ್ಲದರ ಸಂದಿಗೊಂದಿಯಲ್ಲಿ ಸುಮಾರು 75 ಮಂದಿ ವಾರಗಟ್ಟಲೆ ಬದುಕಬೇಕು. ಅಡುಗೆಮನೆ ನಮ್ಮ ಹಳ್ಳಿಮನೆಯ ದೇವರಗೂಡಿಗಿಂತ ತುಸು ದೊಡ್ಡದು. ಮಲಗುವ ಹಲಗೆಗಳು ಜನರಿಗಿಂತ ಕಡಿಮೆ. ಒಬ್ಬ ಎದ್ದು ಪಾಳಿಗೆ ಹೋದರೆ ಅವನ ಮೈಬಿಸಿ ಆರುವ ಮೊದಲೇ ಇನ್ನೊಬ್ಬ ಅಲ್ಲಿ ಮಲಗುತ್ತಾನೆ. ಸಿಹಿನೀರು ಕುಡಿಯುವುದಕ್ಕೂ ಅಡುಗೆಗೂ ಮಾತ್ರ. ಹಾಗಾಗಿ ಸಮುದ್ರದ ನಡುವೆ ಇದ್ದೂ ಸ್ನಾನವಿಲ್ಲ.

ಈ ಸಂಗ್ರಹಾಲಯದಲ್ಲಿ ವಿವರಣೆ ನೀಡುವವರೂ ನೌಕಾಪಡೆಯ ನಿವೃತ್ತರೇ. ಅವರ ಮಾತಿನಲ್ಲಿ ‘ಇಲ್ಲಿ ಹೀಗೆ ಮಾಡುತ್ತಿದ್ದರು’ ಎಂಬುದಕ್ಕಿಂತ ‘ಇಲ್ಲಿ ಹೀಗೆ ಮಾಡುತ್ತಿದ್ದೆವು’ ಎಂಬುದೇ ಹೆಚ್ಚು. ಆ ಒಂದು ಪ್ರತ್ಯಯದಲ್ಲಿ ಎಷ್ಟು ದೊಡ್ಡ ಸಾಕ್ಷ್ಯವಿದೆ ಎಂಬುದು ನನ್ನಂಥ ವೃತ್ತಿಯವರಿಗೆ ಥಟ್ಟನೆ ತಿಳಿಯುತ್ತದೆ. ಕೇಳಿ ಹೇಳುವವನ ಮಾತಿಗೂ ಕಂಡು ಹೇಳುವವನ ಮಾತಿಗೂ ನ್ಯಾಯಾಲಯ ಬೇರೆ ಬೇರೆ ತೂಕ ಕೊಡುತ್ತದೆ. ಇನ್ನು ಕೆಲವು ವರ್ಷಗಳಲ್ಲಿ ‘ಮಾಡುತ್ತಿದ್ದೆವು’ ಎನ್ನುವವರು ಯಾರೂ ಉಳಿಯುವುದಿಲ್ಲ.

ನಿಯಂತ್ರಣ ಕೊಠಡಿಯ ಗೋಡೆಗೆ ಒರಗಿ ನಿಂತು ನನ್ನ ಹಿರಿಯ ಮಿತ್ರರು ಕಾಲದ ಮಾತು ತೆಗೆದರು. ನೀರಿನ ಕೆಳಗೆ ಹಗಲಿಲ್ಲ, ಇರುಳಿಲ್ಲ. ಕಿಟಕಿ ಎಂಬುದೇ ಇಲ್ಲ. ಮೇಲೆ ಇರುಳಾದಾಗ ಪೆರಿಸ್ಕೋಪ್ ನೋಡುವವರ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲೆಂದು ಒಳಗೆ ಕೆಂಪು ದೀಪ ಹಚ್ಚುತ್ತಾರೆ. ಚಪಾತಿ ಬಂದರೆ ರಾತ್ರಿ, ಉಪ್ಪಿಟ್ಟು ಬಂದರೆ ಬೆಳಗು ಎಂದು ಲೆಕ್ಕ ಹಿಡಿಯುವ ಕಾಲವೂ ಬರುತ್ತದೆ. ಆದರೆ ನೌಕೆಯ ಬದುಕು ಪೂರ್ತಿ ನಿಂತಿರುವುದು ಗಂಟೆ ನಿಮಿಷಗಳ ಮೇಲೆ. ಇಂಗ್ಲಿಷಿನವರು ನಾವಿಕರ ಕಾವಲು ಪಾಳಿಗೂ ಕೈಗಡಿಯಾರಕ್ಕೂ ‘ವಾಚ್’ ಎಂಬ ಒಂದೇ ಪದ ಬಳಸುತ್ತಾರೆ. ನಮ್ಮ ಭಾಷೆಯಲ್ಲೂ ಇದಕ್ಕೆ ಸಮನಾದದ್ದಿದೆ. ‘ಜಾವ’ ಎಂದರೆ ಮೂರು ಗಂಟೆಯ ಕಾಲಮಾನ. ಹಿಂದೆ ಊರ ಕಾವಲುಗಾರರ ಸರದಿ ಬದಲಾಗುತ್ತಿದ್ದುದೂ ಜಾವದ ಲೆಕ್ಕದಲ್ಲೇ. ಕಾಲವನ್ನು ಅಳೆಯುವುದೂ ಕಾಯುವುದೂ ಒಂದೇ ಕೆಲಸ ಎಂದು ಎರಡೂ ಭಾಷೆಗಳು ತಿಳಿದಿದ್ದವು.

ನೀರೊಳಗೆ ದಾರಿ ತಿಳಿಯುವುದೂ ಗಡಿಯಾರದಿಂದಲೇ. ಮೇಲೆ ಬಂದು ಸೂರ್ಯನನ್ನೋ ನಕ್ಷತ್ರವನ್ನೋ ನೋಡುವ ಅವಕಾಶವಿಲ್ಲದಾಗ ದಿಕ್ಕು, ವೇಗ, ಕಳೆದ ಹೊತ್ತು ಈ ಮೂರನ್ನು ಕೂಡಿಸಿ ನಕ್ಷೆಯ ಮೇಲೆ ತಾನಿರುವ ಜಾಗ ಗುರುತಿಸಬೇಕು. ಗಂಟೆಗೆ ಐದು ನಾಟಿಕಲ್ ಮೈಲಿಯ ನಿಧಾನಗತಿಯಲ್ಲೂ ಒಂದು ನಿಮಿಷದ ತಪ್ಪು ಎಂದರೆ ನಕ್ಷೆಯಲ್ಲಿ 154 ಮೀಟರಿನ ತಪ್ಪು. ಬಂಡೆಯೋ ಶತ್ರುವಿನ ಹಡಗೋ ಎದುರಿದ್ದರೆ ಅಷ್ಟು ಸಾಕು. ಟಾರ್ಪಿಡೊ ಬಿಟ್ಟ ಮೇಲೂ ಅಷ್ಟೇ. ಅದು ಗುರಿ ಮುಟ್ಟಬೇಕಾದ ಸೆಕೆಂಡುಗಳನ್ನು ಉಸಿರು ಬಿಗಿಹಿಡಿದು ಎಣಿಸುತ್ತಾರೆ.

ಇಲ್ಲಿ ನನಗೆ ಒಂದು ಸಂಶಯ ಬಂತು. ಜಲಾಂತರ್ಗಾಮಿಯ ನಾವಿಕ ನೀರಿನ ಕೆಳಗೆ ಇರುತ್ತಾನೆಯೇ ಹೊರತು ನೀರಿನಲ್ಲಿ ಇರುವುದಿಲ್ಲ. 280 ಮೀಟರ್ ಆಳದಲ್ಲಿ ನೌಕೆಯ ಉಕ್ಕಿನ ಮೈಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 28 ಕಿಲೋ ಭಾರ ಬಿದ್ದಿದ್ದರೂ ಒಳಗಿನ ಗಾಳಿಯ ಒತ್ತಡ ಹೆಚ್ಚುಕಡಿಮೆ ನಮ್ಮ ಮನೆಯಂಗಳದಷ್ಟೇ. ಅವನ ಗಡಿಯಾರಕ್ಕೆ ಒಂದು ಹನಿ ಕಡಲ ನೀರೂ ತಾಕುವುದಿಲ್ಲ. ಹಾಗಿರುವಾಗ ಮುಳುಗುಗಾರರ ಗಡಿಯಾರ ಏಕೆ ಬೇಕು?

ಈ ಬಗೆಯ ಗಡಿಯಾರಗಳ ಹುಟ್ಟು ಬೇರೆಯವರಿಗಾಗಿ ಆದದ್ದು ನಿಜ. 1930ರ ದಶಕದಲ್ಲಿ ಇಟಲಿಯ ನೌಕಾಪಡೆಯ ಮುಳುಗುಗಾರರಿಗಾಗಿ ಪನೆರಾಯ್ ಸಂಸ್ಥೆ ಕತ್ತಲಲ್ಲಿ ಹೊಳೆಯುವ ದೊಡ್ಡ ಗಡಿಯಾರಗಳನ್ನು ಒದಗಿಸಲು ತೊಡಗಿತು. 1953ರಲ್ಲಿ ಸ್ವಿಸ್ ಕಂಪನಿ ಬ್ಲಾಂಕ್‌ಪೇನ್, ಫ್ರಾನ್ಸಿನ ಯುದ್ಧ ಮುಳುಗುಗಾರರ ಬೇಡಿಕೆಗೆ ಹೊಂದುವಂತೆ, ಅಂಚಿನಲ್ಲಿ ತಿರುಗುವ ಬಳೆಯುಳ್ಳ ಗಡಿಯಾರವನ್ನು ಹೊರತಂದಿತು. ಹೆಸರು ‘ಫಿಫ್ಟಿ ಫ್ಯಾದಮ್ಸ್’, ಐವತ್ತು ಮಾರು ಆಳ. ಆ ಆಳ 91 ಮೀಟರ್. ಕುರ್ಸುರಾದ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ರೋಲೆಕ್ಸ್ ಕಂಪನಿಯ ಗಡಿಯಾರ ಅದೇ ಕಾಲದಲ್ಲಿ ‘ಸಬ್‌ಮರೀನರ್’ ಎಂಬ ಹೆಸರನ್ನೇ ಹೊತ್ತು ಬಂತು. ಮುಳುಗುವ ಹೊತ್ತಿಗೆ ಬಳೆಯ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿದರೆ ಎಷ್ಟು ನಿಮಿಷ ಕಳೆಯಿತೆಂಬುದು ನೋಡಿದೊಡನೆ ತಿಳಿಯುತ್ತದೆ. ಬಳೆ ಒಂದೇ ದಿಕ್ಕಿಗೆ ತಿರುಗುವಂತೆ ಮಾಡುವುದರಲ್ಲಿ ಒಂದು ಜಾಣ್ಮೆಯಿದೆ. ಅಕಸ್ಮಾತ್ ತಾಗಿ ಸರಿದರೂ ಕಳೆದ ಹೊತ್ತು ಹೆಚ್ಚಾಗಿ ಕಾಣುತ್ತದೆಯೇ ಹೊರತು ಕಡಿಮೆಯಾಗಿ ಅಲ್ಲ. ಮುಳುಗಿದವನು ಬೇಗ ಮೇಲೆ ಬರುತ್ತಾನೆ, ತಡವಾಗಿ ಅಲ್ಲ.

ಅಂಫಿಬಿಯಾ ಬಂದದ್ದು 1967ರಲ್ಲಿ, ತಾತಾರ್ ಸೀಮೆಯ ಚಿಸ್ತೋಪೋಲ್ ಪಟ್ಟಣದಿಂದ. ಸ್ವಿಸ್ ಕಾರ್ಖಾನೆಗಳ ಸೂಕ್ಷ್ಮ ಯಂತ್ರಗಳು ಅಲ್ಲಿನ ವಿನ್ಯಾಸಕಾರರಿಗೆ ಸುಲಭವಾಗಿ ಸಿಗುವಂತಿರಲಿಲ್ಲ. ಅದಕ್ಕೆ ಅವರು ಬೇರೆ ಹಾದಿ ಹಿಡಿದರು. ನೀರಿನ ಒತ್ತಡವನ್ನು ಎದುರಿಸಿ ನಿಲ್ಲುವ ಬದಲು ಆ ಒತ್ತಡವೇ ಗಡಿಯಾರವನ್ನು ಭದ್ರಪಡಿಸುವಂತೆ ಮಾಡಿದರು. ದಪ್ಪ ಪಾರದರ್ಶಕ ಮುಚ್ಚಳವೂ ಬೆನ್ನಿನ ಫಲಕವೂ ಆಳಕ್ಕೆ ಹೋದಷ್ಟೂ ರಬ್ಬರಿನ ಮೇಲೆ ಇನ್ನಷ್ಟು ಬಿಗಿಯಾಗಿ ಕೂರುತ್ತವೆ. 200 ಮೀಟರ್ ಆಳದವರೆಗೆ ನೀರು ಒಳನುಗ್ಗದು. ಕೀ ಕೊಡುವ ತಿರುಪನ್ನು ಬಿಚ್ಚಿದಾಗ ಅದು ಸಡಿಲವಾಗಿ ಅಲ್ಲಾಡುತ್ತದೆ. ಕೊಂಡವರು ಕೆಟ್ಟಿದೆ ಎಂದು ಗಾಬರಿಯಾಗುತ್ತಾರಾದರೂ, ಏಟು ಬಿದ್ದಾಗ ಒಳಗಿನ ಕಡ್ಡಿ ಮುರಿಯದಿರಲೆಂದೇ ಅದನ್ನು ಹಾಗೆ ಮಾಡಿರುವುದು.

ನನ್ನ ಪ್ರಶ್ನೆಗೆ ಹಿರಿಯರು ಕೂಡಲೇ ಉತ್ತರಿಸಲಿಲ್ಲ. ಹಿಂಭಾಗದ ಟಾರ್ಪಿಡೊ ಕೋಣೆಗೆ ಕರೆದೊಯ್ದು, ಒಂದು ಕೊಳವೆಯ ಹಿತ್ತಾಳೆಯ ಬಾಗಿಲ ಮೇಲೆ ಕೈಯಿಟ್ಟು ಹೇಳಿದರು:

“ದಿನಾ ಬೇಕಾಗಿದ್ದು ನೀರಿಗಲ್ಲ. ಎಣ್ಣೆ, ಬೆವರು, ಡೀಸೆಲ್ ಹೊಗೆ, ಉಕ್ಕಿಗೆ ಬಡಿಯೋ ಏಟು, ಇವಕ್ಕೆಲ್ಲ ತಡೀಬೇಕಿತ್ತು. ಕತ್ತಲಾಗೆ ಕಾಣ್ಬೇಕಿತ್ತು. ಮದುವೇಲಿ ಕೊಟ್ಟಿದ್ದ ಎಚ್‌ಎಂಟಿ ಕಟ್ಕಂಡು ಬಂದೋರು ಎರಡನೇ ಸಲ ಅದನ್ನ ಮನೇಲೇ ಬಿಟ್ಟು ಬರ್ತಿದ್ರು. ಆದ್ರೆ ಇನ್ನೊಂದು ಐತೆ ವಕೀಲ್ರೆ. ನೌಕೆ ಮೇಲೆ ಬರ್ದೇ ಹೋದ್ರೆ ನಾವು ಹೊರಗೆ ಹೋಗೋ ದಾರಿ ಇದೇ ಕೊಳವೆ. ಅವತ್ತು ಮೈಮೇಲಿನ ಉಡುಪು ಬಿಟ್ರೆ ನಮ್ಮ ಜೊತೆ ನೀರಿಗೆ ಬರೋದು ಕೈಯಾಗಿನ ವಾಚು ಒಂದೇ.”

ಹೆಚ್ಚೇನೂ ಹೇಳದೆ ಅವರು ಮುಂದೆ ನಡೆದರು. ಟಾರ್ಪಿಡೊ ಕೊಳವೆಯ ವ್ಯಾಸ ಐವತ್ತಮೂರು ಸೆಂಟಿಮೀಟರ್. ಅದರೊಳಗೆ ನೀರು ತುಂಬಿಸಿಕೊಂಡು, ಕತ್ತಲಲ್ಲಿ ತೆವಳಿ, ಕಡಲಿಗೆ ಬೀಳುವುದನ್ನು ನಾನು ಊಹಿಸಿ ನೋಡಿದೆ. ಪೂರ್ತಿ ಊಹಿಸಲಾಗಲಿಲ್ಲ.

ಈ ಮಾತು ಕೇವಲ ಭಾವುಕತೆಯಲ್ಲ ಎಂಬುದಕ್ಕೆ ಚರಿತ್ರೆಯಲ್ಲಿ ಆಧಾರವಿದೆ. 2000ದ ಆಗಸ್ಟ್ 12ರಂದು ಬ್ಯಾರೆಂಟ್ಸ್ ಸಮುದ್ರದಲ್ಲಿ ರಷ್ಯಾದ ಕುರ್ಸ್ಕ್ ಜಲಾಂತರ್ಗಾಮಿ ಸ್ಫೋಟಗೊಂಡು ಮುಳುಗಿತು. ಸತ್ತವರು 118 ಮಂದಿ. ಸ್ಫೋಟವಾದದ್ದು ಹಗಲು ಹನ್ನೊಂದೂವರೆಯ ಸುಮಾರಿಗೆ. ಕೂಡಲೇ ಸಾಯದೆ ಹಿಂಭಾಗದ ಒಂಬತ್ತನೆಯ ವಿಭಾಗದಲ್ಲಿ ಉಳಿದುಕೊಂಡಿದ್ದ 23 ಮಂದಿಯ ಹೆಸರುಗಳನ್ನು ಅಧಿಕಾರಿ ದ್ಮಿತ್ರಿ ಕೊಲೆಸ್ನಿಕೋವ್ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರು. ಅದು ಅವರ ದೇಹದ ಬಳಿ ದೊರೆಯಿತು. ಆ ಬರಹದಲ್ಲಿ ಹೊತ್ತು ನಮೂದಾಗಿದೆ: 13 ಗಂಟೆ 15 ನಿಮಿಷ. ಬದುಕುವ ಭರವಸೆ ಸಣ್ಣಗಾಗುತ್ತಿದ್ದಾಗ, ಆ ಮನುಷ್ಯ ಹೊತ್ತು ನೋಡಿ ಬರೆದಿಟ್ಟ. ಮೊದಲ ಸ್ಫೋಟದಲ್ಲೇ ಎಲ್ಲರೂ ಸಾಯಲಿಲ್ಲ ಎಂಬುದನ್ನು ಲೋಕದ ಮುಂದೆ ಇಟ್ಟದ್ದು ಆ ಹಾಳೆ. ಮರಣಕಾಲದ ಹೇಳಿಕೆಯನ್ನು ಕಾನೂನು ಏಕೆ ಗೌರವಿಸುತ್ತದೆಂದು ಕಿರಿಯ ವಕೀಲರು ಕೇಳಿದರೆ ನಾನು ಇನ್ನು ಮೇಲೆ ಆ ನಾಲ್ಕು ಅಂಕಿಗಳನ್ನು ತೋರಿಸುತ್ತೇನೆ.

ಆದರೆ ಗಡಿಯಾರದ ಸಾಕ್ಷ್ಯವನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಫೆಬ್ರವರಿ 17ರಂದು, ಹನ್ಲಿ ಎಂಬ ಪುಟ್ಟ ಜಲಾಂತರ್ಗಾಮಿ ಶತ್ರುವಿನ ಹಡಗೊಂದನ್ನು ಮುಳುಗಿಸಿ ತಾನೂ ಮರಳಲಿಲ್ಲ. 2000ದಲ್ಲಿ ಅದನ್ನು ಮೇಲೆತ್ತಿದಾಗ ನಾಯಕ ಜಾರ್ಜ್ ಡಿಕ್ಸನ್ನನ ಚಿನ್ನದ ಜೇಬುಗಡಿಯಾರ ಸಿಕ್ಕಿತು. ಮುಳ್ಳುಗಳು 8 ಗಂಟೆ 23 ನಿಮಿಷಕ್ಕೆ ನಿಂತಿದ್ದವು. ಅದು ಸ್ಫೋಟದ ಏಟಿಗೆ ನಿಂತಿತೋ, ನೀರು ಹೊಕ್ಕು ನಿಂತಿತೋ, ಕೀ ಮುಗಿದು ತಾನಾಗಿ ನಿಂತಿತೋ? ನಿಂತ ಗಡಿಯಾರ ತಾನು ನಿಂತ ಹೊತ್ತನ್ನು ಹೇಳುತ್ತದೆ. ಏಕೆ ನಿಂತೆನೆಂದು ಹೇಳುವುದಿಲ್ಲ.

ಕುರ್ಸುರಾದಿಂದ ಹೊರಬಂದು ತೀರದುದ್ದಕ್ಕೂ ನಡೆದರೆ 1971ರ ಯುದ್ಧದ ವಿಜಯ ಸ್ಮಾರಕ ಸಿಗುತ್ತದೆ. ಆ ವರ್ಷದ ಡಿಸೆಂಬರ್ 3 ಮತ್ತು 4ರ ನಡುವಿನ ರಾತ್ರಿ ಪಾಕಿಸ್ತಾನದ ಗಾಜಿ ಜಲಾಂತರ್ಗಾಮಿ ಈ ರೇವಿನ ಹೊರಗೇ ಮುಳುಗಿತು. ತೊಂಬತ್ತಕ್ಕೂ ಹೆಚ್ಚು ಮಂದಿ ಅದರಲ್ಲಿದ್ದರು, ಒಬ್ಬರೂ ಉಳಿಯಲಿಲ್ಲ. ಐಎನ್‌ಎಸ್ ರಜಪೂತ್ ಎಸೆದ ಸಿಡಿಗುಂಡುಗಳಿಂದ ಎಂದು ಭಾರತ, ಆಕಸ್ಮಿಕ ಸ್ಫೋಟದಿಂದ ಎಂದು ಪಾಕಿಸ್ತಾನ. ಅದೇ ಯುದ್ಧಕಾಲದಲ್ಲಿ ಕುರ್ಸುರಾ ಅರಬ್ಬೀ ಸಮುದ್ರದಲ್ಲಿ ಗಸ್ತು ತಿರುಗಿತ್ತು. ಸ್ಮಾರಕದೆದುರು ನನ್ನ ಮಿತ್ರರು ಸುಮ್ಮನೆ ನಿಂತರು. ಸ್ವಲ್ಪ ಹೊತ್ತಿನ ಮೇಲೆ, “ಅವರೂ ನಮ್ಮಂಗೇ ಕೊಳವೇಲಿ ಇದ್ದೋರು,” ಎಂದಷ್ಟೇ ಹೇಳಿದರು. ಶತ್ರು ಎಂಬ ಪದ ಅವರ ಬಾಯಿಂದ ಬರಲಿಲ್ಲ.

ಸಂಜೆ ಚಹಾದಂಗಡಿಯಲ್ಲಿ ಕುಳಿತು ಅವರ ಮುಂದೆ ಅಣ್ಣತಂಗಿಯರ ವ್ಯಾಜ್ಯ ಇಟ್ಟೆ. ಕಾನೂನು ಸ್ಪಷ್ಟವಾಗಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಗನಿಗೂ ಮಗಳಿಗೂ ಸಮಪಾಲು. ಹಂಚಲಾಗದ ಆಸ್ತಿಯನ್ನು ಮಾರಿ ಹಣವನ್ನು ಹಂಚಲು 1893ರಷ್ಟು ಹಿಂದಿನ ವಿಭಾಗ ಕಾಯ್ದೆಯೂ ದಾರಿ ತೋರಿಸಿದೆ. ಮಾರಿ ಹಂಚಿದರೆ ತಲಾ ಇನ್ನೂರೈವತ್ತು ರೂಪಾಯಿ. ಕೇಳಿದವರು ನಕ್ಕುಬಿಟ್ಟರು. ಆಮೇಲೆ, ರಿಪೇರಿ ಮಾಡಿಸಬೇಕೋ ಬೇಡವೋ ಎಂಬ ಪ್ರಶ್ನೆಗೆ ಬಂದರು.

“ಈಗ ನೋಡಿದ್ರಲ್ಲ ಕುರ್ಸುರಾನ, ಒಂದು ಕಾಲದಾಗೆ ಅದರ ಸಾಮಾನು ಬಿಚ್ಚಿ ಬಿಚ್ಚಿ ಅಕ್ಕತಂಗೇರ ಹಡಗಿಗೆ ಹಾಕಿದ್ರು. ಆಮೇಲೆ ಬೇರೆ ಸಾಮಾನು ಕೂಡಿಸಿ ಮತ್ತೆ ನೀರಿಗಿಳಿಸಿದ್ರು. ಅದು ಕುರ್ಸುರಾ ಅಲ್ಲ ಅಂತ ಯಾರಾದ್ರೂ ಅಂದ್ರಾ?”

ಅವರು ಹೇಳಿದ್ದು ನಿಜ. 1970ರ ದಶಕದಲ್ಲಿ ಈ ನೌಕೆಯನ್ನು ಬಿಡಿಭಾಗಗಳಿಗಾಗಿ ನಿಲ್ಲಿಸಿಬಿಟ್ಟಿದ್ದರು; 1980ರ ದಶಕದಲ್ಲಿ ದುರಸ್ತಿಗೊಂಡು ಅದು ಮತ್ತೆ ಸೇವೆಗೆ ಬಂತು. ಒಟ್ಟು 31 ವರ್ಷಗಳಲ್ಲಿ 73,500 ನಾಟಿಕಲ್ ಮೈಲಿ ಸಂಚರಿಸಿತು. ಬಿಡಿಭಾಗ ಬದಲಾದರೆ ವಸ್ತು ಬದಲಾಗುವುದಿಲ್ಲ. ಕೆಲಸ ಮಾಡುವುದನ್ನು ಬಿಟ್ಟರೆ ಬದಲಾಗುತ್ತದೆ. ದಡದ ಮೇಲೆ ಬಣ್ಣ ಹಚ್ಚಿಸಿಕೊಂಡು ನಿಂತಿರುವ ಕುರ್ಸುರಾವನ್ನು ನೋಡಿ ಬಂದ ಮೇಲೆ ಆ ಮಾತು ಇನ್ನಷ್ಟು ತಾಕಿತು. ಆ ನೌಕೆಯ ಎಂಜಿನ್ನು ಇನ್ನು ತಿರುಗದು, ಅದರ ಬ್ಯಾಟರಿ ತುಂಬದು. ಅದರ ಕಾಲದ್ದಾಗಿ ಇಂದಿಗೂ ನಡೆಯುತ್ತಿರುವುದು ಹಳೆಯ ನಾವಿಕರ ಮಣಿಕಟ್ಟಿನ ಮೇಲಿರುವ ಈ ಸಣ್ಣ ಯಂತ್ರಗಳು ಮಾತ್ರ.

“ಹಾಗಾದರೆ ಮುಖಫಲಕ ಬದಲಿಸುವುದೇ ಸರಿಯೆನ್ನುತ್ತೀರಾ?” ಎಂದು ಕೇಳಿದೆ.

“ಒಳಗಿಂದು ಬದಲಿಸ್ಲಿ, ಬೇಕಾದಷ್ಟು. ಮುಖ ಬೇಡ. ಅವನು ನೋಡಿದ್ದು ಆ ಮುಖಾನ.” ಸ್ವಲ್ಪ ತಡೆದು ಸೇರಿಸಿದರು: “ಕೊನೇ ಆರು ತಿಂಗಳು ಅವನ ಕೈ ನಡುಗ್ತಿತ್ತು. ದಿನಾ ಬೆಳಿಗ್ಗೆ ಕೀ ಕೊಡ್ತಿದ್ದೋಳು ಆ ಹುಡುಗಿ. ಕೀ ಕೊಡೋ ಆಸ್ಪತ್ರೆ ಖರ್ಚೆಲ್ಲ ಕೊಟ್ಟೋನು ಅಣ್ಣ. ಇಬ್ಬರೂ ಬಿಟ್ಟುಕೊಡೋಕೆ ಆಗ್ದೇ ಇರೋದು ವಾಚನ್ನಲ್ಲ ಬಿಡ್ರಿ.”

ಊರಿಗೆ ಮರಳಿ ಈ ಮಾತನ್ನು ಇಬ್ಬರಿಗೂ ಒಂದೇ ದಿನ, ಒಂದೇ ಕೋಣೆಯಲ್ಲಿ, ಕೇಳಿದ ಹಾಗೆಯೇ ಹೇಳಿದೆ. ಅಣ್ಣ ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದರು. ಗಡಿಯಾರ ಯಾರ ಬಳಿ ಇದ್ದರೂ ನಿಲ್ಲದಿದ್ದರೆ ಸಾಕು ಎಂದರು. ತಂಗಿ ಅದನ್ನು ಸೆರಗಿನಿಂದ ಒರೆಸಿ ಅಣ್ಣನ ಮುಂದಿಟ್ಟು, ರಿಪೇರಿ ಮಾಡಿಸಿಕೊಂಡು ಬಾ ಅಣ್ಣಾ, ಆಮೇಲೆ ನಾನು ಕೀ ಕೊಡ್ತೀನಿ ಎಂದರು.

ರಿಪೇರಿಯೂ ಸುಲಭವಾಗಿರಲಿಲ್ಲ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಎಚ್‌ಎಂಟಿ ಗಡಿಯಾರಗಳ ತಯಾರಿಕೆ ಆರಂಭವಾದ ಮೇಲೆ ನಮ್ಮ ಸೀಮೆಯ ಪ್ರತಿ ಪೇಟೆಯಲ್ಲೂ ಒಂದೆರಡು ವಾಚು ರಿಪೇರಿಯ ಗೂಡುಗಳಿದ್ದವು. 2016ರಲ್ಲಿ ಆ ಸಂಸ್ಥೆಯ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ಗೂಡುಗಳಲ್ಲಿ ಹೆಚ್ಚಿನವು ಈಗ ಮೊಬೈಲು ಅಂಗಡಿಗಳಾಗಿವೆ. ಹಿಂದೂಪುರದಲ್ಲಿ ಉಳಿದಿದ್ದ ಒಬ್ಬ ವೃದ್ಧ ಕೆಲಸಗಾರರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬೆನ್ನಿನ ಫಲಕ ಬಿಚ್ಚಿ, ಮೂರು ವಾರ ಇಟ್ಟುಕೊಂಡು, ಎಣ್ಣೆ ಹಾಕಿ, ರಬ್ಬರು ಬದಲಿಸಿ ಕೊಟ್ಟರು. ಕಂದುಗಟ್ಟಿದ ಮುಖ ಹಾಗೆಯೇ ಇದೆ. ಕತ್ತಲಲ್ಲಿ ಅದು ಈಗ ಹೊಳೆಯುವುದಿಲ್ಲ. ಕಿವಿಗೆ ಹಿಡಿದರೆ ನಡೆಯುವ ಸದ್ದು ಕೇಳುತ್ತದೆ.

‘ಗಳಿಗೆ’ ಎಂಬ ನಮ್ಮ ಮಾತು ‘ಘಟಿಕೆ’ಯಿಂದ ಬಂದದ್ದು, ಘಟಿಕೆಯೆಂದರೆ ಪುಟ್ಟ ಪಾತ್ರೆ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ನಿಧಾನವಾಗಿ ತುಂಬಿ ಮುಳುಗುತ್ತದೆ. ಮುಳುಗಿದರೆ ಒಂದು ಗಳಿಗೆ, 24 ನಿಮಿಷ. ಮತ್ತೆ ಎತ್ತಿ ತೇಲಿಬಿಡಬೇಕು. ಮದುವೆಯ ಮುಹೂರ್ತ ನೋಡಲು ಹಿಂದೆ ಹೀಗೆಯೇ ಗಳಿಗೆ ಬಟ್ಟಲು ಇಡುತ್ತಿದ್ದರು. ಬಟ್ಟಲಿನ ಪಕ್ಕದಲ್ಲಿ ಒಬ್ಬರು ಎಚ್ಚರವಾಗಿ ಕುಳಿತಿರಲೇಬೇಕಿತ್ತು. ಇಲ್ಲವಾದರೆ ಬಟ್ಟಲು ತಳದಲ್ಲೇ ಉಳಿದು ಲೆಕ್ಕ ತಪ್ಪುತ್ತದೆ.

ರಾಜಿ ಪತ್ರಕ್ಕೆ ಇಬ್ಬರೂ ಸಹಿ ಹಾಕಿದರು. ಒಂಬತ್ತನೆಯ ಬಾಬನ್ನು ಅವರ ಒಪ್ಪಿಗೆಯ ಮೇರೆಗೆ ಪಟ್ಟಿಯಿಂದ ತೆಗೆದುಹಾಕಿದ್ದೇವೆ.